ಪುಸ್ತಕ ಕಾಯುವವರ ಮಾತಿಗೆ ಕಪಾಟು ಬೇಡವೇ?

ಕಳೆದ ಕಂತಿನಲ್ಲಿ ಮಾತಿನ ಭರದಲ್ಲಿ ಒಂದು ವಾಕ್ಯ ಬಾಯಿಂದ ಜಾರಿತು. "ಸಾಫ್ಟ್‌ವೇರ್ ಬಗ್ಗೆ ಬಂದ ಪ್ರಶ್ನೆಗೆ ವಾಟ್ಸಾಪ್ ಗುಂಪಿನೊಳಗೇ ಉತ್ತರ ಕೊಟ್ಟು ಸುಮ್ಮನಾಗುವ ಲೈಬ್ರರಿಯನ್‌ಗೂ, ಪುಸ್ತಕ ಓದಿ ಒಲೆಗೆ ಹಾಕುವವನಿಗೂ ಏನೂ ವ್ಯತ್ಯಾಸ ಇಲ್ಲ" ಅಂದುಬಿಟ್ಟೆ. ಕಂತು ಹೊರಬಂದ ಮಾರನೇ ದಿನದಿಂದ ಪತ್ರಗಳು ಬರತೊಡಗಿದವು. ಒಬ್ಬರು "ನೀವು ಮೆಲ್ಬರ್ನ್‌ನಲ್ಲಿ ಕೂತು ಹೇಳೋದು ಸುಲಭ ಸಾರ್" ಅಂದರು. ಇನ್ನೊಬ್ಬರು "ಇಮೇಲ್ ಕಾಲ ಮುಗೀತು, ಅಜ್ಜನ ಕಾಲದ ಮಾತು ಬಿಡಿ" ಅಂದರು. ನನ್ನ ಮಗಳು ಮಾತ್ರ, "ಅಪ್ಪ, ಒಲೆ ಅಂದ್ರೆ ಸ್ಟವ್ವಾ?" ಅಂತ ಕೇಳಿದಳು. ಹೌದು, ಸ್ಟವ್ವೇ. ಆದರೆ ನನ್ನ ಮನಸ್ಸಿನಲ್ಲಿದ್ದದ್ದು ಸೌದೆ ಒಲೆ.

ಮಾತು ಕಟುವಾಯಿತು, ಒಪ್ಪಿದೆ. ವಾಪಸ್ ಮಾತ್ರ ತಗೊಳ್ಳಲ್ಲ. ಯಾಕೆ ಅಂತ ಇಲ್ಲಿ ಬಿಡಿಸಿ ಬರೀತೀನಿ.

ಮೊದಲು ನನ್ನ ಕೆಲಸ ಏನು ಅಂತ ಹೇಳಬೇಕು. ವಾರದ ದಿನಗಳಲ್ಲಿ ಒಂದು ಕಾಲೇಜು ಲೈಬ್ರರಿಯ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ತೀನಿ. ಶನಿವಾರ ನಮ್ಮ ಕನ್ನಡದ ಗೆಳೆಯರೆಲ್ಲ ಸೇರಿ ಕಟ್ಟಿದ ಪುಟ್ಟ ಪುಸ್ತಕ ಭಂಡಾರದ ಕ್ಯಾಟಲಾಗ್ ನೋಡಿಕೊಳ್ತೀನಿ. ಊರಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದ ಪುಸ್ತಕಗಳು, ಮನೆ ಖಾಲಿ ಮಾಡಿ ಹೋದವರು ಬಿಟ್ಟುಹೋದ ಪುಸ್ತಕಗಳು, ಮೂರು ಕಪಾಟು. ಎರಡು ಕಡೆಯೂ ನಾನು ಬಳಸುವ ತಂತ್ರಾಂಶ ಒಂದೇ. ಅದರ ಹೆಸರು ಕೋಹಾ.

ಕೋಹಾ ಹುಟ್ಟಿದ್ದು ನಮ್ಮ ಪಕ್ಕದ ನ್ಯೂಜಿಲೆಂಡ್‌ನಲ್ಲಿ. ಅಲ್ಲಿನ ಹೊರೊವೆನುವಾ ಲೈಬ್ರರಿ ಟ್ರಸ್ಟ್‌ನ ಹಳೆಯ ವ್ಯವಸ್ಥೆ 2000ನೇ ಇಸವಿ ದಾಟುವ ಹಾಗಿರಲಿಲ್ಲ. ಹೊಸದನ್ನು ಕೊಳ್ಳುವ ಬದಲು ಕಟಿಪೊ ಅನ್ನುವ ಸಣ್ಣ ಕಂಪನಿಯಿಂದ 1999ರಲ್ಲಿ ತಮ್ಮದೇ ಒಂದನ್ನು ಬರೆಸಿದರು, 2000ದ ಜನವರಿಯಲ್ಲಿ ಬಳಕೆಗೆ ತಂದರು. ಬರೆಸಿದ್ದನ್ನು ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ, ಯಾರು ಬೇಕಾದರೂ ತಗೊಳ್ಳಿ, ತಿದ್ದಿ, ಹಂಚಿ ಅಂತ ಬಿಟ್ಟುಕೊಟ್ಟರು. ಕೋಹಾ ಅನ್ನುವುದು ಮಾವೊರಿ ಭಾಷೆಯ ಪದ. ಉಡುಗೊರೆ ಅಂತ ಅರ್ಥ. ಆದರೆ ಸುಮ್ಮನೆ ಕೊಟ್ಟು ಮರೆಯುವ ಉಡುಗೊರೆ ಅಲ್ಲ, ಪಡೆದವರು ಮುಂದೊಂದು ದಿನ ತಾವೂ ಏನಾದರೂ ಕೊಡಬೇಕಾದಂಥದ್ದು. ನಮ್ಮಲ್ಲಿ ಮದುವೆ ಮನೆಯಲ್ಲಿ ಮುಯ್ಯಿ ಅಂತಾರಲ್ಲ, ಅದಕ್ಕೆ ಹತ್ತಿರ. ಇವತ್ತು ಕರ್ನಾಟಕದ ಕಾಲೇಜುಗಳೂ ಸೇರಿದಂತೆ ಲೋಕದ ನಾನಾ ಕಡೆ ಅದು ಓಡುತ್ತಿದೆ. ಕಾಸು ಕೊಟ್ಟು ಕೊಂಡ ಸಾಫ್ಟ್‌ವೇರ್ ಕೆಟ್ಟರೆ ಕಂಪನಿಗೆ ಫೋನ್ ಮಾಡಬಹುದು. ಇಲ್ಲಿ ಹಾಗೆ ಒಡೆಯನಾದ ಒಂದು ಕಂಪನಿ ಇಲ್ಲ. ಒಬ್ಬರನ್ನೊಬ್ಬರು ಕೇಳಬೇಕು. ಹಾಗಾಗಿ ಎಲ್ಲಿ ಕೇಳ್ತೀವಿ ಅನ್ನುವುದು ಕೋಹಾ ಬಳಸುವವರಿಗೆ ಸಣ್ಣ ಪ್ರಶ್ನೆ ಅಲ್ಲ.

ಈಗ ನನಗೆ ಸಿಟ್ಟು ತರಿಸಿದ ಸಂಗತಿಗೆ ಬರ್ತೀನಿ. ಹೋದ ಚಳಿಗಾಲದಲ್ಲಿ ನಮ್ಮ ಕನ್ನಡ ಭಂಡಾರದ ಕ್ಯಾಟಲಾಗನ್ನು ಹಳೇ ಸರ್ವರ್‌ನಿಂದ ಹೊಸದಕ್ಕೆ ಸಾಗಿಸಿದೆ. ರಾತ್ರಿ ಹನ್ನೊಂದಕ್ಕೆ ಎಲ್ಲ ಸರಿಯಾಗಿ ಕಂಡಿತು. ಪುಸ್ತಕದ ಪುಟ ತೆರೆದರೆ ಕನ್ನಡ ಅಕ್ಷರ ಮುತ್ತಿನ ಹಾಗಿದೆ. ಆದರೆ ಹುಡುಕುವ ಪೆಟ್ಟಿಗೆಯಲ್ಲಿ "ಕಾರಂತ" ಅಂತ ಬರೆದು ಒತ್ತಿದರೆ ಫಲಿತಾಂಶ ಸೊನ್ನೆ. ಕಪಾಟಿನಲ್ಲಿ ಶಿವರಾಮ ಕಾರಂತರ ಇಪ್ಪತ್ತು ಪುಸ್ತಕ ಇವೆ, ಕಣ್ಣಾರೆ ನೋಡಿದ್ದೀನಿ. ಇಂಗ್ಲಿಷಿನಲ್ಲಿ ಹುಡುಕಿದರೆ ಎಲ್ಲ ಸಿಗುತ್ತೆ, ಕನ್ನಡದಲ್ಲಿ ಹುಡುಕಿದರೆ ಏನೂ ಇಲ್ಲ.

ಗೂಗಲ್ ಮಾಡಿದೆ. ಅರ್ಧ ಗಂಟೆಯ ಮೇಲೆ ಕೋಹಾ ಮೇಲಿಂಗ್ ಲಿಸ್ಟ್‌ನ ಹಳೆಯದೊಂದು ಇಮೇಲ್ ಸಿಕ್ಕಿತು. ಬೇರೆ ದೇಶ, ಬೇರೆ ಲಿಪಿ, ಅದೇ ತೊಂದರೆ. ಉತ್ತರ ಕೊಟ್ಟವರು ನಾಲ್ಕು ಸಾಲಿನಲ್ಲಿ ಮುಗಿಸಿದ್ದರು. ಕೋಹಾದ ಒಳಗೆ ಜೆಬ್ರಾ ಅಂತ ಒಂದು ಭಾಗ ಇದೆ. ಪುಸ್ತಕದ ಹಿಂದೆ ಪದಸೂಚಿ ಇರುತ್ತಲ್ಲ, ಅಂಥದ್ದನ್ನು ಇಡೀ ಕ್ಯಾಟಲಾಗಿಗೆ ತಯಾರಿಸುವುದು ಅದರ ಕೆಲಸ. ಅದಕ್ಕೆ ಅಕ್ಷರ ಗುರುತಿಸಲು ಎರಡು ವಿಧಾನ. ಹಳೆಯದು ರೋಮನ್ ಲಿಪಿಯಂಥವಕ್ಕೆ ಸಾಕು. ನಮ್ಮಂಥ ಲಿಪಿಗಳಿಗೆ ಐಸಿಯು ಅನ್ನುವ ಇನ್ನೊಂದು ವಿಧಾನ ಬೇಕು. ಹೊಸ ಸರ್ವರ್‌ನಲ್ಲಿ ನಾನು ಹಳೆಯದನ್ನೇ ಬಿಟ್ಟಿದ್ದೆ. ಬದಲಾಯಿಸಿ, ಸೂಚಿಯನ್ನು ಮೊದಲಿಂದ ಕಟ್ಟಿಸಿದೆ. ಒಂದೂವರೆಗೆ ಕಾರಂತರು ಸಿಕ್ಕರು. ಆ ಇಮೇಲ್ ಬರೆದವರು ಯಾರೋ ನನಗೆ ಗೊತ್ತಿಲ್ಲ. ವರ್ಷಗಳ ಹಿಂದೆ ಯಾರದೋ ಪ್ರಶ್ನೆಗೆ ಕೊಟ್ಟ ಉತ್ತರ ನನ್ನ ನಿದ್ದೆ ಉಳಿಸಿತು.

ಕಥೆ ಮುಗಿಯಲಿಲ್ಲ. ಮಾರನೇ ದಿನ "ಶೇಕ್ಸ್‌ಪಿಯರ್" ಅಂತ ಹುಡುಕಿದರೆ ಎರಡು ಪುಸ್ತಕ ಬಂದವು, ಇರುವುದು ಏಳು. ಇದಕ್ಕೆ ಎಲ್ಲೂ ಉತ್ತರ ಸಿಗಲಿಲ್ಲ. ಎರಡು ವಾರ ತಲೆ ಕೆಡಿಸಿಕೊಂಡು ಕೊನೆಗೆ ಊರಿನ ಲೈಬ್ರರಿಯನ್‌ಗಳ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಹಾಸನದ ಕಡೆಯ ಒಬ್ಬ ಕಾಲೇಜು ಲೈಬ್ರರಿಯನ್ ಮೇಡಂ ಐದೇ ನಿಮಿಷದಲ್ಲಿ ಧ್ವನಿ ಸಂದೇಶ ಕಳಿಸಿದರು: "ಅಯ್ಯೋ ಸರ್, ಅದು ಕಣ್ಣಿಗೆ ಕಾಣದ ಅಕ್ಷರದ ಕಾಟ. ಎರಡು ವರ್ಷದ ಹಿಂದೆ ಇದೇ ಗುಂಪಲ್ಲಿ ಹಾಕಿದ್ನಲ್ಲ, ಸ್ಕ್ರೀನ್‌ಶಾಟ್ ಸಮೇತ!"

ಕಣ್ಣಿಗೆ ಕಾಣದ ಅಕ್ಷರ ಅಂದರೇನು ಅಂತ ಇಲ್ಲಿ ಕನ್ನಡ ಟೈಪ್ ಮಾಡಲು ಕಲಿಯುತ್ತಿರುವ ಮಕ್ಕಳಿಗೆ ಹೇಳಿಬಿಡ್ತೀನಿ, ನಿಮಗೂ ಉಪಯೋಗಕ್ಕೆ ಬರುತ್ತೆ. "ಶೇಕ್ಸ್‌ಪಿಯರ್" ಅಂತ ಬರೆಯುವಾಗ ಕ್ಸ್ ಆದಮೇಲೆ ಪಿ ಬಿಡಿಯಾಗಿ ನಿಲ್ಲಬೇಕು, ಕೆಳಗೆ ಒತ್ತಕ್ಷರವಾಗಿ ಇಳಿಯಬಾರದು. ಅದಕ್ಕಾಗಿ ನಡುವೆ ಅಗಲವೇ ಇಲ್ಲದ ಒಂದು ಗುರುತು ಹಾಕ್ತೀವಿ. ನಮ್ಮ ಕಣ್ಣಿಗೆ ಅದು ಕಾಣದು, ಕಂಪ್ಯೂಟರ್‌ಗೆ ಕಾಣುತ್ತೆ. ಗುರುತು ಇರುವ ಶೇಕ್ಸ್‌ಪಿಯರ್ ಬೇರೆ, ಇಲ್ಲದ ಶೇಕ್ಸ್ಪಿಯರ್ ಬೇರೆ ಅಂತ ಅದು ಲೆಕ್ಕ ಹಾಕುತ್ತೆ. ಏಳು ಪುಸ್ತಕವನ್ನು ನಾಲ್ಕು ಜನ ಟೈಪ್ ಮಾಡಿದರೆ ಎರಡು ಬಗೆಯ ಶೇಕ್ಸ್‌ಪಿಯರ್ ಹುಟ್ಟಿಕೊಳ್ತಾರೆ. ಮೇಡಂ ಇದಕ್ಕೆ ಪರಿಹಾರ ಕಂಡುಹಿಡಿದಿದ್ದರು. ತಾವಾಗಿ, ಯಾರ ಸಹಾಯವೂ ಇಲ್ಲದೆ. ಗುಂಪಿನಲ್ಲಿ ಬರೆದಿದ್ದರು. ಆದರೆ ನಾನು ಆ ಗುಂಪಿಗೆ ಸೇರಿದ್ದು ಹೋದ ವರ್ಷ, ಅದಕ್ಕೂ ಹಿಂದಿನದು ನನ್ನ ಫೋನಿನಲ್ಲಿ ಇಲ್ಲ. ಮೇಡಂ ನಡುವೆ ಫೋನ್ ಬದಲಾಯಿಸಿದ್ದರು, ಅವರ ಹತ್ತಿರವೂ ಇಲ್ಲ. ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ. ಮೇಲೆಳೆದು ಮೇಲೆಳೆದು ನೋಡಿದವರಿಗೆ ಸಿಕ್ಕಿದ್ದು ಗುಡ್ ಮಾರ್ನಿಂಗ್ ಹೂವುಗಳು, ನಿವೃತ್ತಿ ಶುಭಾಶಯಗಳು, ಯಾವುದೋ ಹುದ್ದೆಯ ಅರ್ಜಿ ನಮೂನೆ.

ಸಿಟ್ಟು ಬರದೆ ಇರುತ್ತಾ ಹೇಳಿ. ಕನ್ನಡದ ಲೈಬ್ರರಿಗಳಿಗೆ ಬರುವ ಸಮಸ್ಯೆ, ಕನ್ನಡದ ಲೈಬ್ರರಿಯನ್ ಒಬ್ಬರು ಬಿಡಿಸಿದ ಸಮಸ್ಯೆ. ಅದು ಲೋಕಕ್ಕೆ ಸಿಗದ ಹಾಗೆ ಮಾಡಿದ್ದು ಯಾವ ಶತ್ರುವೂ ಅಲ್ಲ, ನಾವೇ. ಪುಸ್ತಕ ಕಳೆಯಬಾರದು, ಹುಡುಕಿದರೆ ಸಿಗಬೇಕು, ಯಾರು ಬಂದರೂ ಕೊಡಬೇಕು, ಇದು ನಮ್ಮ ಕಸುಬು. ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಬರೆದಾಗ ಓದುಗನ ಸಮಯ ಉಳಿಸುವುದನ್ನೂ ಒಂದು ಸೂತ್ರವಾಗಿಯೇ ಸೇರಿಸಿದರು. ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ, 1962ರಲ್ಲಿ ಡಿಆರ್‌ಟಿಸಿ ಕಟ್ಟಿದ್ದೂ ಅಲ್ಲೇ. ನಮ್ಮ ವೃತ್ತಿಯವರು ಭಾಷಣದಲ್ಲಿ ಅವರ ಹೆಸರು ಹೇಳದೆ ಕೂರುವುದಿಲ್ಲ. ನಮ್ಮ ನಮ್ಮ ಸಮಯದ ವಿಷಯ ಬಂದಾಗ ಮಾತ್ರ ಸೂತ್ರ ಮರೆತುಹೋಗುತ್ತೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಹಾಗಂತ ನಮಗೆ ಒಳ್ಳೆಯ ಪರಂಪರೆ ಇರಲಿಲ್ಲ ಅಂತ ಅಲ್ಲ. 1990ರ ದಶಕದಲ್ಲೇ, ಮನೆಗಳಿಗೆ ಇಂಟರ್ನೆಟ್ ಬರುವ ಮೊದಲೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಎಲ್‌ಐಎಸ್-ಫೋರಂ ಅನ್ನುವ ಇಮೇಲ್ ಪಟ್ಟಿ ನಡೆಯುತ್ತಿತ್ತು. ದೇಶದ ಲೈಬ್ರರಿಯನ್‌ಗಳು ಅಲ್ಲಿ ಕೇಳಿದರು, ಹೇಳಿದರು, ಜಗಳವಾಡಿದರು. ಅಮೆರಿಕದಲ್ಲಿ ಕೋಡ್‌ಫೋರ್‌ಲಿಬ್ 2003ರಲ್ಲಿ ಶುರುವಾದದ್ದೂ ಒಂದು ಮೇಲಿಂಗ್ ಲಿಸ್ಟಾಗಿ. ಆಮೇಲೆ ಅವರಿಗೆ ಹರಟೆಗೆ ಐಆರ್‌ಸಿ ಬಂತು, ಸ್ಲ್ಯಾಕ್ ಬಂತು. ಆದರೆ ಹೊಸದು ಬಂತು ಅಂತ ಲಿಸ್ಟನ್ನು ಮುಚ್ಚಲಿಲ್ಲ. ಕೋಹಾದವರು ಐಆರ್‌ಸಿಯಲ್ಲಿ ಆಡಿದ ಮಾತಿನ ದಾಖಲೆಯನ್ನೂ ಎಲ್ಲರೂ ಓದುವ ಹಾಗೆ ಇಡುತ್ತಾ ಬಂದಿದ್ದಾರೆ. ನೀವು ಕೇಳಿದ ಪ್ರಶ್ನೆಯನ್ನು ಹತ್ತು ವರ್ಷದ ಹಿಂದೆ ಇನ್ಯಾರೋ ಕೇಳಿರುತ್ತಾರೆ, ಅದು ಕಾಣಸಿಗುತ್ತೆ.

"ಇರೋ ಜಾಗ ಚೆನ್ನಾಗೇ ನಡೀತಿದೆಯಲ್ಲ, ಮುಚ್ಚಿದಾಗ ನೋಡ್ಕೊಳ್ಳೋಣ" ಅನ್ನುವವರಿಗೆ ಸ್ವಲ್ಪ ಹಿಂದೆ ತಿರುಗಿ ನೋಡಿ ಅಂತೀನಿ. ಆರ್ಕುಟ್‌ನಲ್ಲಿ ನಾವು ಕಟ್ಟಿದ ಕನ್ನಡ ಕೂಟಗಳು ನೆನಪಿವೆಯಾ? 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಪೂರ್ತಿ ಮುಚ್ಚಿತು, ಅಲ್ಲಿದ್ದ ಹಳೆಯ ಪತ್ರಗಳನ್ನು ಅದಕ್ಕೂ ಮೊದಲೇ ತೆಗೆದುಹಾಕಿದ್ದರು. ಸ್ಲ್ಯಾಕ್ 2022ರ ಸೆಪ್ಟೆಂಬರ್‌ನಿಂದ ಬಿಟ್ಟಿ ಖಾತೆಗಳಿಗೆ ಹಿಂದಿನ 90 ದಿನದ ಮಾತನ್ನು ಮಾತ್ರ ತೋರಿಸತೊಡಗಿತು. 2024ರ ಆಗಸ್ಟ್‌ನಿಂದ ವರ್ಷಕ್ಕಿಂತ ಹಳೆಯದನ್ನು ಅಳಿಸಲು ಹೊರಟಿತು. ಕಾಸು ಕೊಡದವರ ನೆನಪಿಗೆ ಆಯುಸ್ಸು ಒಂದು ವರ್ಷ. ಕಂಪನಿಯನ್ನು ಬೈದು ಪ್ರಯೋಜನ ಇಲ್ಲ, ಅದರ ವ್ಯಾಪಾರ ಅದು ಮಾಡುತ್ತೆ. ನೂರು ವರ್ಷದ ಪತ್ರಿಕೆಗಳನ್ನು ಜೋಪಾನ ಮಾಡುವವರು ತಮ್ಮ ಮಾತನ್ನು ಅಂಥ ಜಾಗದಲ್ಲಿ ಇಟ್ಟರಲ್ಲ, ಬೈಯಬೇಕಾದ್ದು ಅವರನ್ನು.

ಮುಕ್ತ ತಂತ್ರಾಂಶದವರ ಜಾಗವೂ ಜಾರಬಹುದು, ಅದನ್ನೂ ಹೇಳಬೇಕು. 2021ರ ಮೇನಲ್ಲಿ ಫ್ರೀನೋಡ್ ಅನ್ನುವ ದೊಡ್ಡ ಐಆರ್‌ಸಿ ಜಾಲದ ಒಡೆತನದ ಜಗಳದಲ್ಲಿ, ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ಎದ್ದು ಹೊರಬಂದು ಲಿಬೆರಾ ಚಾಟ್ ಕಟ್ಟಿದರು. ಅನೇಕ ಗುಂಪುಗಳು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿ ಹೋದವು. ಕೋಹಾದ ಕಥೆಯೇ ಇನ್ನೂ ಹತ್ತಿರದ್ದು. 2007ರಲ್ಲಿ ಅಮೆರಿಕದ ಲಿಬ್‌ಲೈಮ್ ಕಂಪನಿ ಕಟಿಪೊದ ಕೋಹಾ ವ್ಯವಹಾರವನ್ನು ಕೊಂಡಿತು. ಮುಂದೆ ಕಂಪನಿಗೂ ಸಮುದಾಯಕ್ಕೂ ಮನಸ್ತಾಪ ಬಂತು. ಕೋಹಾ ಡಾಟ್ ಆರ್ಗ್ ವಿಳಾಸ ಕಂಪನಿಯ ಹತೋಟಿಯಲ್ಲಿತ್ತು. ಲೋಕದ ಲೈಬ್ರರಿಗಳೆಲ್ಲ ಸೇರಿ ಬೆಳೆಸಿದ ತಂತ್ರಾಂಶ, ಅದರ ಹೆಸರಿನ ಮನೆಯ ಬೀಗದಕೈ ಮಾತ್ರ ಒಬ್ಬರ ಜೇಬಿನಲ್ಲಿ. ಕೊನೆಗೆ ಸಮುದಾಯ ಬೇರೆ ವಿಳಾಸದಲ್ಲಿ ಹೊಸ ಮನೆ ಹೂಡಿತು, ಇವತ್ತಿಗೂ ಅಲ್ಲೇ ಇದೆ. 2011ರಲ್ಲಿ ನ್ಯೂಜಿಲೆಂಡ್‌ನಲ್ಲಿ ಆ ಹೆಸರಿನ ಟ್ರೇಡ್‌ಮಾರ್ಕ್ ಬಗ್ಗೆಯೂ ದೊಡ್ಡ ಗಲಾಟೆ ಆಯಿತು. ಆದರೂ ಸಮುದಾಯ ಉಳಿದದ್ದು ಹೇಗೆ? ಮಾತುಕತೆಯೆಲ್ಲ ಆ ಒಂದೇ ಮನೆಯೊಳಗೆ ಇರಲಿಲ್ಲ. ಮುಖ್ಯ ಮೇಲಿಂಗ್ ಲಿಸ್ಟ್ ಬಹಳ ವರ್ಷ ಕಟಿಪೊದ ಸರ್ವರ್‌ನಿಂದಲೇ ನಡೆಯುತ್ತಿತ್ತು, ಪತ್ರಗಳ ಪ್ರತಿ ಸಾವಿರ ಜನರ ಇಮೇಲ್ ಪೆಟ್ಟಿಗೆಯಲ್ಲಿತ್ತು. ವಾಟ್ಸಾಪ್ ಗುಂಪೊಂದರ ಅಡ್ಮಿನ್ ಮುನಿಸಿಕೊಂಡು ಎಲ್ಲರನ್ನೂ ಹೊರಹಾಕಿದರೆ ಹೀಗೆ ಎದ್ದು ಇನ್ನೊಂದು ಕಡೆ ಹೋಗಲು ಸಾಧ್ಯವೇ?

ಈಗ ಎದುರಾಳಿಗಳ ಮಾತು. ನನಗೆ ಬಂದ ಪತ್ರಗಳಲ್ಲಿ ಒಂದು ನನ್ನನ್ನು ನಿಜಕ್ಕೂ ಚುಚ್ಚಿತು. "ಸರ್, ಆ ಇಂಟರ್‌ನ್ಯಾಷನಲ್ ಲಿಸ್ಟ್‌ನಲ್ಲಿ ಒಂದು ಸಲ ಕೇಳಿದ್ದೆ. ನನ್ನ ಇಂಗ್ಲಿಷ್ ಸರಿ ಇರಲಿಲ್ಲ. ಮೊದಲು ಡಾಕ್ಯುಮೆಂಟೇಶನ್ ಓದಿ ಅಂತ ಒಂದೇ ಸಾಲಿನ ಉತ್ತರ ಬಂತು. ಅವತ್ತಿಂದ ಬಾಯಿ ಬಿಟ್ಟಿಲ್ಲ. ವಾಟ್ಸಾಪ್‌ನಲ್ಲಿ ನನ್ನನ್ನ ಯಾರೂ ನಗಲ್ಲ." ಇದಕ್ಕೆ ನನ್ನ ಹತ್ತಿರ ಜಾಣ ಉತ್ತರ ಇಲ್ಲ. ಸಾರ್ವಜನಿಕ ಜಾಗದಲ್ಲಿ ತಪ್ಪು ಇಂಗ್ಲಿಷಿನಲ್ಲಿ ಕೇಳುವುದಕ್ಕೆ ಧೈರ್ಯ ಬೇಕು, ಆ ಧೈರ್ಯವನ್ನು ಒಂದೇ ಸಾಲಿನಲ್ಲಿ ಕೊಲ್ಲುವ ಪಂಡಿತರು ಎಲ್ಲ ಕಡೆ ಇದ್ದಾರೆ. ಸತ್ಯ ಹೇಳಬೇಕೆಂದರೆ ನಾನೂ ಒಂದು ಕಾಲದಲ್ಲಿ ಹಾಗೆ ಉತ್ತರ ಕೊಟ್ಟವನೇ. ಜನ ಬೆಚ್ಚಗಿನ ಮೂಲೆ ಹುಡುಕಿಕೊಂಡು ಹೋಗುವುದು ಅವರ ತಪ್ಪಲ್ಲ.

ಆದರೆ ಅದಕ್ಕೆ ಮದ್ದು ಬಾಗಿಲು ಮುಚ್ಚಿ ಕೂರುವುದಲ್ಲ. ಸಾರ್ವಜನಿಕ ಜಾಗದಲ್ಲಿ ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಹೇಳುವ ರೂಢಿ ತರಬೇಕು. ಕೇಳಿದವರನ್ನು ಗದರಿಸಿದವರಿಗೆ ಅಲ್ಲೇ ಬುದ್ಧಿ ಹೇಳುವ ಒಬ್ಬರು ಇರಬೇಕು. ಕನ್ನಡದಲ್ಲಿ ಉತ್ತರ ಇಟ್ಟರೆ ಕನ್ನಡದಲ್ಲಿ ಹುಡುಕಿದವರಿಗೆ ಸಿಗುತ್ತೆ. ನಾವು ಇಡದೆ "ಕನ್ನಡದಲ್ಲಿ ಏನೂ ಸಿಗಲ್ಲ" ಅಂತ ಗೊಣಗಿದರೆ?

ಎರಡನೇ ವಾದ, "ಯಾರೂ ಇಮೇಲ್ ನೋಡಲ್ಲ." ಸುಳ್ಳು. ಸಂಬಳದ ಚೀಟಿ ಇಮೇಲ್‌ನಲ್ಲಿ ಬಂದರೆ ಎಲ್ಲರೂ ನೋಡ್ತಾರೆ.

ಇನ್ನು ಮರ್ಯಾದೆಯ ವಿಷಯ. ಇದನ್ನು ಯಾರೂ ಎತ್ತುವುದಿಲ್ಲ, ನನಗೆ ಇದೇ ಹೆಚ್ಚು ಕಾಡುತ್ತೆ. ಯಾವುದೋ ಎರರ್ ತೋರಿಸಲು ಒಬ್ಬರು ಗುಂಪಿನಲ್ಲಿ ಸ್ಕ್ರೀನ್‌ಶಾಟ್ ಹಾಕಿದರು. ಪರದೆಯ ಮೂಲೆಯಲ್ಲಿ ಒಬ್ಬ ವಿದ್ಯಾರ್ಥಿನಿಯ ಹೆಸರು, ಮೊಬೈಲ್ ನಂಬರ್, ಅವಳು ತಗೊಂಡಿದ್ದ ಪುಸ್ತಕಗಳ ಪಟ್ಟಿ, ಕಟ್ಟಬೇಕಾದ ದಂಡ. ಇನ್ನೂರಕ್ಕೂ ಹೆಚ್ಚು ಫೋನಿಗೆ ಹೋಯಿತು. ಯಾರು ಯಾವ ಪುಸ್ತಕ ಓದಿದರು ಅಂತ ಪೊಲೀಸರು ಬಂದು ಕೇಳಿದರೂ ಸುಮ್ಮನೆ ಹೇಳಬಾರದು ಅಂತ ಕಲಿತ ವೃತ್ತಿ ಇದು. ಸಾರ್ವಜನಿಕ ಪಟ್ಟಿಯಲ್ಲೂ ಈ ತಪ್ಪು ಆಗಬಹುದು, ಆದರೆ ಅಲ್ಲಿ ಎಲ್ಲರ ಕಣ್ಣಿಗೆ ಬೀಳುವುದರಿಂದ ಜನ ಕೈ ತಡೆದು ಹಾಕ್ತಾರೆ. "ನಮ್ಮವರೇ ತಾನೆ" ಅನ್ನುವ ಸಲುಗೆಯೇ ಇಲ್ಲಿ ಮೋಸ ಮಾಡುವುದು. ಅದಕ್ಕಿಂತ ಮುಖ್ಯ, ವಾಟ್ಸಾಪ್ ಗುಂಪಿಗೆ ಸೇರಿದರೆ ನಿಮ್ಮ ನಂಬರ್ ಎಲ್ಲರಿಗೂ ಸಿಗುತ್ತೆ. ಅದರ ತೊಂದರೆ ಅನುಭವಿಸಿ ಗುಂಪು ಬಿಟ್ಟ ಇಬ್ಬರು ಹೆಣ್ಣುಮಕ್ಕಳು ನನಗೇ ಗೊತ್ತು. ಇಬ್ಬರೂ ಒಳ್ಳೆಯ ಕೆಲಸಗಾರರು. ಅವರು ಹೊರಹೋದದ್ದು ಯಾರ ಗಮನಕ್ಕೂ ಬರಲಿಲ್ಲ.

ಹಾಗಾದರೆ ಎಲ್ಲಿಗೆ ಹೋಗಬೇಕು? ನಾನು ಒಂದು ಜಾಗವನ್ನು ನೋಡುವಾಗ ಮೊದಲು ಕೇಳುವುದು, ಖಾತೆ ತೆರೆಯದ ಅಪರಿಚಿತನೊಬ್ಬ ರಾತ್ರಿ ಹನ್ನೊಂದಕ್ಕೆ ಬಂದು ಓದಬಹುದಾ ಅಂತ. ಡಿಸ್ಕಾರ್ಡ್ ಇಲ್ಲೇ ಬೀಳುತ್ತೆ, ಒಳಗಿನ ಮಾತು ಗೂಗಲ್ ಹುಡುಕಾಟಕ್ಕೆ ಸಿಗುವುದಿಲ್ಲ. (ಮಕ್ಕಳೇ, ಆಟಕ್ಕೆ ಅದು ಚೆನ್ನಾಗಿದೆ, ನಿಮ್ಮ ಜೊತೆ ಜಗಳ ಇಲ್ಲ.) ಆಮೇಲೆ ಕೇಳುವುದು, ನಾಳೆ ಬಿಟ್ಟು ಹೋಗಬೇಕಾಗಿ ಬಂದರೆ ಎಲ್ಲ ಮಾತನ್ನೂ ಗಂಟು ಕಟ್ಟಿ ಒಯ್ಯಬಹುದಾ ಅಂತ. ಹಳೇ ಮೇಲಿಂಗ್ ಲಿಸ್ಟ್ ಇದರಲ್ಲಿ ರಾಜ. ಬರಿ ಅಕ್ಷರ, ಎಲ್ಲಿ ಬೇಕಾದರೂ ತೆರೆಯುತ್ತೆ. ಡಿಸ್ಕೋರ್ಸ್ ಅನ್ನುವ ಮುಕ್ತ ತಂತ್ರಾಂಶ ಇನ್ನೂ ಅನುಕೂಲ, ಇಮೇಲ್‌ನಲ್ಲಿ ಇರುವವರು ಇಮೇಲ್‌ನಲ್ಲೇ ಉತ್ತರಿಸಬಹುದು, ಉಳಿದವರು ಬ್ರೌಸರ್‌ನಲ್ಲಿ ಓದಬಹುದು. ತಕ್ಷಣದ ಹರಟೆ ಬೇಕೇ ಬೇಕು ಅನ್ನುವವರಿಗೆ ಜುಲಿಪ್. ಅದೂ ಮುಕ್ತ, ಪ್ರತಿ ಮಾತಿಗೂ ಒಂದು ವಿಷಯದ ಹೆಸರು ಕೇಳುತ್ತೆ. ನಮ್ಮ ಕಸುಬಿನವರಿಗೆ ಅದು ಹೇಳಿಮಾಡಿಸಿದ ಹಾಗಿದೆ, ಶೀರ್ಷಿಕೆ ಕೊಡದೆ ನಮಗೆ ನಿದ್ದೆ ಬರುತ್ತಾ? ಟೆಲಿಗ್ರಾಂ ವಾಟ್ಸಾಪ್‌ಗಿಂತ ಒಂದು ಮೆಟ್ಟಿಲು ಮೇಲೆ, ಅಷ್ಟೇ. ಇವನ್ನು ನಡೆಸಲು ಸರ್ವರ್ ಖರ್ಚಿದೆ, ಕಸ ಗುಡಿಸುವ ಕೈ ಬೇಕು. ವಾಟ್ಸಾಪ್‌ಗೆ ಎರಡೂ ಬೇಡ. ಅದರ ಗೆಲುವಿನ ಗುಟ್ಟು ಅದೇ.

ವಾಟ್ಸಾಪ್ ಗುಂಪು ಮುಚ್ಚಿ ಅಂತ ನಾನು ಹೇಳ್ತಾ ಇಲ್ಲ. ಕಾಫಿ ಕುಡಿಯುತ್ತಾ ಮಾತಾಡುವ ಜಾಗ ಇರಲಿ. ಆದರೆ ಅಲ್ಲಿ ಒಂದು ಸಮಸ್ಯೆ ಬಿಡಿಸಿದ ದಿನ, ಬಿಡಿಸಿದವರೋ ಕೇಳಿದವರೋ ಹತ್ತು ಸಾಲು ಬರೆದು ಹೊರಗಿನ ಕಪಾಟಿನಲ್ಲಿ ಇಡಬೇಕು. ಕೇಳಿದವರೇ ಇಡುವುದು ನ್ಯಾಯ, ಪಡೆದವರು ಮುಯ್ಯಿ ತೀರಿಸಬೇಕು.

ನಮ್ಮ ಕಡೆಯ ಸಣ್ಣ ಲೈಬ್ರರಿಗಳ ಕೂಟದಲ್ಲಿ ಮುಂದಿನ ತಿಂಗಳು ಮತ ಹಾಕುತ್ತಿದ್ದೇವೆ, ಹಳೆಯ ಮೇಲಿಂಗ್ ಲಿಸ್ಟ್ ಮುಚ್ಚಿ ಎಲ್ಲವನ್ನೂ ವಾಟ್ಸಾಪ್‌ಗೆ ತರುವುದೋ ಬೇಡವೋ ಅಂತ. ನಾನು ಬೇಡ ಅಂತ ಒತ್ತುವವನು, ಬಹುಶಃ ಸೋಲ್ತೀನಿ.

ಅದಕ್ಕೂ ಮೊದಲು ನನ್ನ ಮುಯ್ಯಿ ತೀರಿಸೋಣ ಅಂತ ಹಾಸನದ ಮೇಡಂಗೆ ಫೋನ್ ಮಾಡಿದೆ. ನಿಮ್ಮ ಉತ್ತರವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಎಲ್ಲರಿಗೂ ಸಿಗುವ ಹಾಗೆ ಹಾಕಲಾ ಅಂತ ಕೇಳಿದೆ. "ಹಾಕಿ ಸರ್, ನನ್ನ ಹೆಸರು ಬೇಡ" ಅಂದರು. ನಲವತ್ತು ನಿಮಿಷ ನೆನಪಿನಿಂದ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಹಳೆಯ ದಾಖಲೆಗಳಲ್ಲಿ ಆ ಕಾಣದ ಗುರುತು ಎಲ್ಲೆಲ್ಲಿದೆ ಅಂತ ಪಟ್ಟಿ ಮಾಡುವ ತನಕ ಸರಿಯಾಗಿ ಬಂತು. ಅದಾದಮೇಲೆ ಅವರು ಬರೆದಿದ್ದ ಒಂದು ಚಿಕ್ಕ ಹೆಜ್ಜೆ, ಎಲ್ಲವನ್ನೂ ಒಂದೇ ಸಲ ತಿದ್ದುವುದು, ಅದು ಅವರಿಗೇ ಮರೆತುಹೋಗಿದೆ. "ಸ್ಕ್ರೀನ್‌ಶಾಟ್‌ನಲ್ಲಿ ಇತ್ತು ಸರ್" ಅಂದರು. ಸದ್ಯಕ್ಕೆ ಐದು ಶೇಕ್ಸ್‌ಪಿಯರ್‌ಗಳನ್ನು ಕೈಯಲ್ಲೇ ತಿದ್ದಿದ್ದೀನಿ. ಆ ಗುಂಪಿನಲ್ಲಿದ್ದು ಈ ಲೇಖನ ಓದುತ್ತಿರುವವರು ಯಾರಾದರೂ ಇದ್ದರೆ, ಹಳೇ ಫೋನನ್ನು ಇನ್ನೂ ಎಸೆಯದಿದ್ದರೆ, ಒಮ್ಮೆ ಚಾರ್ಜ್‌ಗೆ ಹಾಕಿ ನೋಡಿ.